ಹೆಚ್ಚುವರಿ ಒಂಬತ್ತು ಸೆಕೆಂಡು

ಲೋರ್ನಾ ಪ್ರೊಜೆಕ್ಟರ್ ಗೂಡಿನ ಬಾಗಿಲನ್ನು ಭುಜದಿಂದ ನೂಕುತ್ತಿರುವಾಗಲೇ ಥಿಯೇಟರ್ ನೋಡಿಕೊಳ್ಳುವ ವೆಂಡೆಲ್ ಹಿಂದಿನಿಂದ ಬಂದ. ಎರಡೂ ಕೈಯಲ್ಲಿ ಬಿಸಿ ಆಲೂಗಡ್ಡೆಯ ಅಗಲ ತಟ್ಟೆ. ಹಿಡಿದು ನಿಲ್ಲಿಸಲು ಕೈ ಖಾಲಿ ಇಲ್ಲದ್ದರಿಂದ ಬಾಗಿಲಿಗೇ ಬೆನ್ನು ಕೊಟ್ಟು ನಿಂತ.

"ಬೇಡಿ ಲೋರ್ನಾ. ನಿಮ್ಮ ಕೈಲಿ ಏನಿದೆ ಅಂತ ಗೊತ್ತು ನಂಗೆ."

"ಏನಿದೆ? ಕರ್ಚೀಫು."

"ಕರ್ಚೀಫೊಳಗೆ?"

ಒಳಗೆ ಹೆಬ್ಬೆರಳಿನಷ್ಟು ಪೆನ್‌ಡ್ರೈವ್ ಇತ್ತು. ಅದರಲ್ಲಿ ಹನ್ನೊಂದು ನಿಮಿಷ ನಲವತ್ತೊಂಬತ್ತು ಸೆಕೆಂಡಿನ ಚಿತ್ರ. ಈ ಗ್ರಿಮ್ಸ್ಲಿ ದೋಣಿಕಟ್ಟೆ ಸ್ಮಾರಕದ ಪುಟ್ಟ ಥಿಯೇಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಅರ್ಧ ಗಂಟೆಗೊಮ್ಮೆ ಓಡುತ್ತಿರುವ ಚಿತ್ರ ಹನ್ನೊಂದು ನಿಮಿಷ ನಲವತ್ತು ಸೆಕೆಂಡಿನದು. ಎರಡರ ನಡುವಿನ ಆ ಒಂಬತ್ತು ಸೆಕೆಂಡಿಗಾಗಿ ಅಷ್ಟೂ ವರ್ಷ ಗೋಡೆಗೆ ಹಣೆ ಚಚ್ಚಿಕೊಂಡ, ಚಿತ್ರ ತೆಗೆದ ಆರ್ಲೋ ವಿಟ್ಮರನನ್ನು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದರು. ಚರ್ಚಿನ ನೆಲಮಾಳಿಗೆ ರಿಪೇರಿಯಲ್ಲಿದ್ದುದರಿಂದ ಮಣ್ಣಿನ ನಂತರದ ಊಟ ಇಲ್ಲಿ ನಡೆದಿತ್ತು.

"ಒಂದೇ ಒಂದು ಆಟ, ವೆಂಡೆಲ್. ವೆರ್ಲೀನ್ ಟೀಚರ್ ಸೋಮವಾರ ಅಟ್ಲಾಂಟಕ್ಕೆ ಮಗನ ಮನೆಗೆ ಹೊರಡ್ತಾರೆ. ಎಂಬತ್ತೆಂಟು ವಯಸ್ಸು. ಮತ್ತೆ ಈ ಊರಿಗೆ ಬರ್ತಾರಾ?"

"ನಂಗೂ ಟೀಚರೇ ಅವರು. ಮೂರನೇ ಕ್ಲಾಸಲ್ಲಿ ಮೂಲೇಲಿ ನಿಲ್ಸಿದಾರೆ. ಆದ್ರೆ ಸ್ಮಾರಕ ಸಮಿತಿ ಒಪ್ಪಿದ ಚಿತ್ರ ಬಿಟ್ಟು ಇನ್ನೊಂದು ಹಾಕಿದ್ರೆ ಕೆಲಸ ಹೋಗೋದು ನಂದು. ಪಿಂಚಣಿಗೆ ಇನ್ನೆರಡು ವರ್ಷ ಇದೆ."

"ಸಮಿತಿ ಅಂದ್ರೇನೇ ಮಿತಿ ಅಂತಿದ್ದ ಆರ್ಲೋ."

"ಹಾಗೆಲ್ಲ ಅಂದಿದ್ದು ಅವರ ಕಿವಿಗೆ ಬಿದ್ದೇ ಅಲ್ವಾ ಅವನ ಕೆಲಸ ಕೆಟ್ಟಿದ್ದು?"

ಅದು ನಿಜವಾಗಿದ್ದರಿಂದ ಲೋರ್ನಾಳ ಸಿಟ್ಟು ಇನ್ನಷ್ಟು ಏರಿತು. ಮೂವತ್ತು ವರ್ಷ ಆರ್ಲೋನ ಚಿತ್ರಗಳಿಗೆ ಧ್ವನಿ ಮುದ್ರಿಸಿದವಳು ಅವಳು. ಜಗತ್ತಿನ ಎಲ್ಲ ಸದ್ದನ್ನೂ ಕಿವಿಗೆ ಹಾಕಿಕೊಂಡು ಅಭ್ಯಾಸ. ತನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದ್ದೂ ಅಭ್ಯಾಸವಾಗಬೇಕಿತ್ತು. ಆಗಿರಲಿಲ್ಲ.

ಊಟದ ಮೇಜಿನ ಬಳಿ ಆರ್ಲೋನ ಹೆಂಡತಿ ಪೆಗ್ ಹಂದಿಮಾಂಸದ ಸ್ಯಾಂಡ್‌ವಿಚ್‌ಗಳನ್ನು ಎರಡೆರಡಾಗಿ ಕತ್ತರಿಸುತ್ತಿದ್ದಳು. ಬಂದವರು "ನೀವು ಕೂತ್ಕೊಳ್ಳಿ" ಎಂದರೆ ಚಾಕು ಎತ್ತಿ ತೋರಿಸುತ್ತಿದ್ದಳು.

"ಪಾದ್ರಿಗಳು ಚೆನ್ನಾಗಿ ಮಾತಾಡಿದ್ರು ಪೆಗ್," ಎಂದ ಕ್ಷೌರದಂಗಡಿಯ ಕ್ಲೈಡ್. "ಸಿನಿಮಾ ರಂಗದ ನಮ್ಮೂರ ತಾರೆ ಅಂದ್ರಲ್ಲ."

"ತಾರೆ ಅಂತೆ. ಇಪ್ಪತ್ತು ವರ್ಷದಿಂದ ಸೂರು ತೂತು. ತಾರೆ ಬೇಕಾದ್ರೆ ನಮ್ಮ ಹಾಸಿಗೆಯಿಂದಲೇ ಕಾಣ್ತಿತ್ತು."

"ನಾನಂತೂ ಇಲ್ಲಿ ಅವನ ಪಿಕ್ಚರ್ನ ನಲವತ್ತು ಸಲ ನೋಡಿದೀನಿ."

"ಕೊನೇತನಕ?"

"ಮಳೆ ನಿಲ್ಲೋತನಕ."

ಪೆಗ್ ನಕ್ಕಳು. ನಗುತ್ತಲೇ ಚಾಕು ಕೆಳಗಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

*

ಆರ್ಲೋ ಮಾಡಿದ್ದು ಅರವತ್ತಮೂರು ಚಿತ್ರ. ಒಂದೂ ಹದಿನೈದು ನಿಮಿಷ ದಾಟಿದ್ದಲ್ಲ. ಉಪ್ಪು ಕಾಯಿಸುತ್ತಿದ್ದ ಒಲೆಗಳು, ಕಾಲುವೆಯ ಬಾಗಿಲು ಕಾಯುವವನ ಮನೆ, ಸುತ್ತಲಿನ ಹಳ್ಳವಷ್ಟೇ ಉಳಿದ ಒಂದು ಕೋಟೆ, ದೇಶದ ಯಾವುದೋ ಅಧ್ಯಕ್ಷರ ಸೋದರಮಾವ ನೆಗಡಿಯಾಗಿ ಒಂದು ರಾತ್ರಿ ಮಲಗಿದ್ದ ಛತ್ರ. ಕೋಟೆಯ ಚಿತ್ರಕ್ಕೆ ಹಳೇ ಯುದ್ಧದ ವೇಷ ಹಾಕುವ ಹವ್ಯಾಸಿಗಳು ಬಂದದ್ದು ಆರೇ ಜನ. ಆ ಆರು ಜನ ಕ್ಯಾಮೆರಾ ಮುಂದೆ ಓಡಿ, ಹಿಂದಿನಿಂದ ಸುತ್ತಿ ಬಂದು, ಟೊಪ್ಪಿಗೆ ಬದಲಿಸಿ ಮತ್ತೆ ಓಡಿ, ಸಂಜೆಯೊಳಗೆ ಎರಡು ಸೈನ್ಯವಾದರು. ಗೆದ್ದವರೂ ಅವರೇ, ಸೋತವರೂ ಅವರೇ. ಕೊನೆಗೆ ಸತ್ತು ಬಿದ್ದವರೂ ಅವರೇ, ಏಕೆಂದರೆ ನಿಜವಾಗಿಯೂ ಏಳಲು ಆಗುತ್ತಿರಲಿಲ್ಲ.

ನಿರೂಪಣೆಯನ್ನು ಆರ್ಲೋ ತಾನೇ ಓದುತ್ತಿದ್ದ. ಗುಡಿಯ ಗಂಟೆಯಂಥ ಕಂಠ. ಆ ಕಂಠವನ್ನು ಅವನು ಎಲ್ಲೂ ಬಿಟ್ಟಿರುತ್ತಿರಲಿಲ್ಲ. ಹೋಟೆಲಿನಲ್ಲಿ ತಿಂಡಿಗೆ ಕೂತಾಗ ಖಾಲಿ ತಟ್ಟೆ ನೋಡಿ, "ಇದೇ ನೆಲದಲ್ಲಿ... ಇದೇ ತಟ್ಟೆಯಲ್ಲಿ... ಒಂದಾನೊಂದು ಕಾಲದಲ್ಲಿ ಎರಡು ಮೊಟ್ಟೆಗಳು ಮೆರೆದಿದ್ದವು" ಎಂದರೆ ಬಡಿಸುವ ಹುಡುಗಿ ಕಾಫಿ ಚೆಲ್ಲುತ್ತಿದ್ದಳು.

ದೋಣಿಕಟ್ಟೆಯ ಚಿತ್ರಕ್ಕೆ ಕೊನೆಯ ದೃಶ್ಯವಾಗಿ ಒಂದು ಹಳೇ ಫೋಟೋ ಬೇಕಿತ್ತು. ಅದಿದ್ದದ್ದು ಸಮಿತಿಯ ಅಧ್ಯಕ್ಷೆ ಶ್ರೀಮತಿ ಹೋಯ್ಟ್ ಅವರ ಮನೆಯ ಗೋಡೆಯ ಮೇಲೆ. ಆಕೆ ಗ್ರಿಮ್ಸ್ಲಿ ವಂಶದವರು. ಫೋಟೋದಲ್ಲಿ ಕಟ್ಟೆಯ ಮೇಲೆ ದೋಣಿಯ ಒಡೆಯ, ಬಿಳಿಗಡ್ಡದ ಎಜ್ರಾ ಗ್ರಿಮ್ಸ್ಲಿ, ಪಕ್ಕದಲ್ಲಿ ದೋಣಿಯ ಮೂತಿ, ದೋಣಿಯಿಂದ ಬಲಕ್ಕೆ ಹೊರಟ ದಪ್ಪ ಹಗ್ಗ. ಸುತ್ತ ಮೊಟ್ಟೆಯಾಕಾರದಲ್ಲಿ ಕತ್ತರಿಸಿದ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಚೌಕಟ್ಟು. ಆರ್ಲೋ ಕ್ಯಾಮೆರಾ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದ.

"ಈ ಹಗ್ಗ ಎಲ್ಲಿಗೆ ಹೋಗುತ್ತೆ?"

"ಆಚೆ ದಡಕ್ಕೆ," ಎಂದಿದ್ದಳು ಲೋರ್ನಾ. "ದೋಣಿ ಹಗ್ಗ ಇನ್ನೆಲ್ಲಿಗೆ ಹೋಗುತ್ತೆ ಮಾರಾಯ."

"ಚೌಕಟ್ಟು ಬಿಚ್ಚಿ ನೋಡೋಣ್ವಾ?"

"ಬಿಚ್ಚಿದ್ರೆ ಒಡೆಯುತ್ತೆ, ಒಡೆದ್ರೆ ಆಯಮ್ಮ ನಮ್ಮನ್ನ ಬಿಚ್ತಾಳೆ. ಬೆಳಕು ಹೋಗ್ತಿದೆ ಕಣೋ. ನಂಗೆ ಹಸಿವು. ಹಾಗೇ ಹೊಡಿ."

ಅವನು ಹಾಗೇ ಹೊಡೆದ. ಗಡ್ಡದಿಂದ ಹೊರಟ ಕ್ಯಾಮೆರಾ ಹಗ್ಗದ ಗುಂಟ ಮೆಲ್ಲಗೆ ಬಲಕ್ಕೆ ಸಾಗಿ ರಟ್ಟಿನ ಅಂಚಿಗೆ ಬಂದು ನಿಂತಿತು. ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಅಲ್ಲಿಗೆ ಚಿತ್ರ ಮುಗಿಯಿತು.

*

ಚಿತ್ರ ಶುರುವಾದ ಮೂರನೇ ವಾರ ವೆರ್ಲೀನ್ ಪ್ರಾಕ್ಟರ್ ಟೀಚರ್ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ಆರ್ಲೋನ ಮನೆಗೆ ಬಂದರು. ಡಬ್ಬಿಯಲ್ಲಿ ಅದೇ ಫೋಟೋ, ಚೌಕಟ್ಟಿಲ್ಲದ್ದು. ರಟ್ಟು ಮುಚ್ಚಿದ್ದ ಬಲಗಡೆಯಲ್ಲಿ ಹಗ್ಗದ ತುದಿಯಿತ್ತು, ತುದಿಯಲ್ಲಿ ಎರಡು ಕೈಗಳಿದ್ದವು, ಕೈಗಳ ಹಿಂದೆ ಎತ್ತರದ ಒಬ್ಬ ಕಪ್ಪು ಹೆಂಗಸು ನೇರ ಇವರನ್ನೇ ನೋಡುತ್ತಿದ್ದಳು.

"ನಮ್ಮಜ್ಜಿಯ ಅಮ್ಮ," ಎಂದರು ಟೀಚರ್. "ಕೆಜಾಯ ಲೈಲ್. ಎಜ್ರಾ ಗ್ರಿಮ್ಸ್ಲಿಗೆ ನೀರಂದ್ರೆ ಭಯ. ಮೂವತ್ತೊಂದು ವರ್ಷ ದೋಣಿ ಎಳೆದಿದ್ದು ಇವಳು. ನಿಮ್ಮ ಚಿತ್ರದಲ್ಲಿ ಹಗ್ಗ ಇದೆ, ಎಳೆಯೋರಿಲ್ಲ."

ಅಂದು ಆರ್ಲೋ ಎಂದಿನಂತೆ ಯಾರ ದನಿಯನ್ನೂ ಅನುಕರಿಸಲಿಲ್ಲ. ಅಲ್ಲೇ ಇದ್ದ ಲೋರ್ನಾಳ ಕಡೆ ನೋಡಲೂ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ "ನೀನೇ ಬೇಡ ಅಂದಿದ್ದು" ಎನ್ನಲಿಲ್ಲ. ಅಂದಿದ್ದರೆ ಅವಳಿಗೆ ಜಗಳವಾಡುವ ಸುಖವಾದರೂ ಸಿಗುತ್ತಿತ್ತು.

ಕ್ಯಾಮೆರಾ ಇನ್ನಷ್ಟು ಬಲಕ್ಕೆ ಹೋಗಬೇಕು, ಅಷ್ಟೇ. ಅದಕ್ಕೆ ಒಂಬತ್ತು ಸೆಕೆಂಡು ಬೇಕು. ಆದರೆ ಆಟ ಶುರುವಾಗುವಾಗ ಆರುವ ದೀಪಗಳು ಸರಿಯಾಗಿ ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೆ ತಾವೇ ಹತ್ತಿಕೊಳ್ಳುತ್ತಿದ್ದವು. ಆ ಯಂತ್ರದ ಪೆಟ್ಟಿಗೆಗೆ ಬೀಗ. ಬೀಗದ ಕೈ ರಾಜಧಾನಿಯ ಒಬ್ಬ ಗುತ್ತಿಗೆದಾರನಲ್ಲಿ. ಗೋಡೆಯ ಸ್ವಿಚ್ಚು ಇದ್ದದ್ದು ಅಲಂಕಾರಕ್ಕೆ. ಚಿತ್ರದಲ್ಲೇ ಬೇರೆಲ್ಲಾದರೂ ಒಂಬತ್ತು ಸೆಕೆಂಡು ಕತ್ತರಿಸೋಣವೆಂದರೆ ಮೊದಲ ನಲವತ್ತು ಸೆಕೆಂಡು ದಾನಿಗಳ ಹೆಸರು, ಉಳಿದ ಒಂದೊಂದು ವಾಕ್ಯಕ್ಕೂ ಸಮಿತಿಯ ಐದೈದು ಸಹಿ.

"ವಿಷಯ ಪರಿಶೀಲನೆಯಲ್ಲಿದೆ, ಮಿಸ್ಟರ್ ವಿಟ್ಮರ್," ಎಂದು ಶ್ರೀಮತಿ ಹೋಯ್ಟ್ ಮೂಗಿನಿಂದ ಹೇಳುತ್ತಿದ್ದರು. ಸಭೆಯಿಂದ ಹೊರಬಿದ್ದ ಆರ್ಲೋ ಅದೇ ಮೂಗಿನಿಂದ, "ವಿಷಯ ಪರಿಶೀಲನೆಯಲ್ಲಿದೆ, ಲೋರ್ನಾ. ಸಹಿ ಹಾಕೋರು ಐದು ಜನ, ಸಹಿಸೋನು ನಾನೊಬ್ಬ" ಎನ್ನುತ್ತಿದ್ದ. ಟೇಪು ಹೋಗಿ ಡಿಸ್ಕು ಬಂತು, ಡಿಸ್ಕು ಹೋಗಿ ಪೆನ್‌ಡ್ರೈವ್ ಬಂತು. ಪ್ರತಿ ಸಲವೂ ಹೊಸ ಅರ್ಜಿ, ಪ್ರತಿ ಸಲವೂ ಅದೇ ಮೂಗು.

"ಒಂದು ದಿನ ಕದ್ದು ಹಾಕಿಬಿಡು," ಎಂದಿದ್ದಳು ಲೋರ್ನಾ.

"ನಾಳೆ ಇನ್ನೊಂದು ಕೋಟೆಯ ಚಿತ್ರ ಕೊಡೋರು ಅವರೇ ಕಣೇ."

"ನೀನು ಹೆದರುಪುಕ್ಕಲ."

"ಹೌದು," ಎಂದಿದ್ದ ಆರ್ಲೋ, ತನ್ನದೇ ಸಣ್ಣ ದನಿಯಲ್ಲಿ.

ಆ ಒಂಬತ್ತು ಸೆಕೆಂಡಿಗೆ ಕೊನೆಯ ಸಲ ಧ್ವನಿ ಹಿಡಿದದ್ದು ಕಳೆದ ತಿಂಗಳು, ಆಸ್ಪತ್ರೆಯ ಹೊರಗೆ ನಿಲ್ಲಿಸಿದ್ದ ಲೋರ್ನಾಳ ಕಾರಿನಲ್ಲಿ. ಗಾಜು ಏರಿಸಿ, ಅವನ ಮಡಿಲಿಗೆ ಕಂಬಳಿ ಹೊದಿಸಿ ಮೈಕು ಹಿಡಿದಳು. ಗಂಟೆಯ ಕಂಠ ಒಡೆದುಹೋಗಿತ್ತು. ಏಳು ಸಲ ಕೆಮ್ಮು ಬಂತು, ಎಂಟನೆಯ ಸಲ ಬರಲಿಲ್ಲ.

*

"ವೆಂಡೆಲ್, ಈ ಕಾಫಿ ಹಂಡೆ ಸ್ವಲ್ಪ ಅಡಿಗೆಮನೆಗೆ ಎತ್ತಿಡ್ತೀಯಾ? ವಿಧವೆ ಹತ್ರ ಹಂಡೆ ಎತ್ತಿಸ್ತೀಯಾ?" ಎಂದಳು ಪೆಗ್, ಲೋರ್ನಾಳ ಕಡೆ ಹುಬ್ಬು ಹಾರಿಸಿ.

ವೆಂಡೆಲ್ ಬಾಗಿಲು ಬಿಟ್ಟು, ತಟ್ಟೆ ಮೇಜಿಗಿಟ್ಟು, ಹಂಡೆ ಎತ್ತಿದ. ಹಂಡೆ ತುಂಬಿತ್ತು. ಅವನು ಅಡಿಗೆಮನೆ ತಲುಪುವಷ್ಟರಲ್ಲಿ ಲೋರ್ನಾ ಗೂಡಿನಿಂದ ಹೊರಬಂದಿದ್ದಳು, ಕರ್ಚೀಫು ಖಾಲಿ.

ಒಂದೂವರೆಯ ಆಟಕ್ಕೆ ದೀಪಗಳು ಆರಿದವು. ಊಟ ಮುಗಿಸಿದ ಮೂವತ್ತು ಜನ ಥಿಯೇಟರಿಗೆ ಬಂದು ಕೂತಿದ್ದರು. ವೆರ್ಲೀನ್ ಟೀಚರ್ ಎರಡನೇ ಸಾಲಿನಲ್ಲಿ, ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು. ಲೋರ್ನಾ ಪಕ್ಕದಲ್ಲಿ. ಇಂದು ಕೆಜಾಯ ಕಾಣುತ್ತಾಳೆ ಎಂದು ಟೀಚರಿಗೆ ಮೊದಲೇ ಹೇಳಿರಲಿಲ್ಲ. ಹೇಳಿ ಕೈಕೊಟ್ಟರೆ ಎಂಬ ಭಯ. ದೀಪ ಹತ್ತಿದರೂ ಮಂಕಾಗಿಯಾದರೂ ಕಂಡೀತೆಂದು ನಂಬಿದ್ದಳು.

"ಇದೇ ನೀರು... ಇದೇ ದಡ..." ಎಂದಿತು ಗಂಟೆಯ ಕಂಠ. ಪೆಗ್ ಉಸಿರೆಳೆದುಕೊಂಡದ್ದು ಮೂರು ಸಾಲು ದೂರಕ್ಕೂ ಲೋರ್ನಾಳಿಗೆ ಕೇಳಿಸಿತು. ಊರಿನವರಿಗೆಲ್ಲ ಚಿತ್ರ ಬಾಯಿಪಾಠ. ಕ್ಲೈಡ್ ವಾಕ್ಯಗಳನ್ನು ಅರ್ಧ ಸೆಕೆಂಡು ಮುಂಚೆಯೇ ಗೊಣಗುತ್ತಿದ್ದ. ಯಾರೂ ಸುಮ್ಮನಿರು ಎನ್ನಲಿಲ್ಲ.

ಗಡ್ಡ ಬಂತು. ದೋಣಿ ಬಂತು. ಕ್ಯಾಮೆರಾ ಹಗ್ಗದ ಗುಂಟ ಹೊರಟಿತು. ಲೋರ್ನಾ ಟೀಚರರ ಕೈ ಹಿಡಿದುಕೊಂಡಳು. ಹಗ್ಗ, ಹಗ್ಗ, ಇನ್ನೂ ಹಗ್ಗ.

ದೀಪಗಳು ಹತ್ತಿದವು. ಬೆಳಗಿದ್ದೇ ತಡ ಜನ ಎದ್ದರು. ಹತ್ತೊಂಬತ್ತು ವರ್ಷದ ರೂಢಿ. ಕುರ್ಚಿಗಳು ನೆಲ ಕೆರೆದವು, ಕೋಟುಗಳ ತೋಳು ಹುಡುಕಾಟ ನಡೆಯಿತು, ಯಾರದೋ ಬೆನ್ನು ಅಡ್ಡ ಬಂತು. ಆ ಗದ್ದಲದ ಹಿಂದೆ ಬೆಳ್ಳಗೆ ಬಿಳುಚಿದ ಪರದೆಯ ಮೇಲೆ ಏನೋ ಅಲುಗಿತು, ಮುದುಕನೊಬ್ಬ ಒಡಕು ದನಿಯಲ್ಲಿ ಏನೋ ಅಂದ. ಅಷ್ಟರಲ್ಲಿ ಪರದೆ ಖಾಲಿಯಾಯಿತು.

"ಆರ್ಲೋ ಈಗ ಏನೋ ಅಂದ್ನಲ್ಲ?" ಕೋಟಿನೊಳಗೆ ಒಂದು ಕೈ ತೂರಿಸಿದ್ದ ಕ್ಲೈಡ್ ಗಕ್ಕನೆ ನಿಂತ. "ಇದು ಚಿತ್ರದಲ್ಲಿ ಇರ್ಲಿಲ್ಲ."

ಲೋರ್ನಾಳಿಗೆ ಅಳು ಬರಲಿಲ್ಲ. ಏನನ್ನಾದರೂ ಒದೆಯಬೇಕೆನಿಸಿ, ಮುಂದಿನ ಕುರ್ಚಿಯನ್ನೇ ಒದ್ದಳು. ಏಳು ಕೆಮ್ಮು, ಹತ್ತೊಂಬತ್ತು ವರ್ಷ, ಎಲ್ಲ ಕುರ್ಚಿಯ ಸದ್ದಿಗೆ ಹೋಗಿತ್ತು. "ಟೀಚರ್, ಅದು ನಿಮ್ಮ ಕೆಜಾಯ. ಅವಳನ್ನ ಸೇರಿಸಿದ್ದ ಅವನು. ಅವತ್ತು ಚೌಕಟ್ಟು ಬಿಚ್ಚಬೇಡ ಅಂದೋಳು ನಾನು. ಅವನಲ್ಲ, ನಾನು."

ಟೀಚರ್ ಅವಳ ಕಡೆ ತಿರುಗಿದರು. ಎಲ್ಲರಂತೆ ಅವರು ಎದ್ದಿರಲಿಲ್ಲ.

ವೆಂಡೆಲ್ ಬಾಗಿಲಲ್ಲಿ ನಿಂತಿದ್ದ. ಮುಖ ಕೆಂಪಗಾಗಿತ್ತು. "ನಂಗೆ ಹೇಳದೇ ಹಾಕಿದ್ರಿ. ನಾನಿದನ್ನ ಬರೆದು ಕಳಿಸ್ಬೇಕಾಗುತ್ತೆ ಲೋರ್ನಾ. ಬರೀದೇ ಇದ್ರೆ ನಂದೂ ತಪ್ಪಾಗುತ್ತೆ."

"ಬರಿ. ಐದು ಪ್ರತಿ ಬರಿ."

"ವೆಂಡೆಲ್," ಎಂದರು ಟೀಚರ್, ಹಿಂದಿರುಗಿ ನೋಡದೆಯೇ. "ಮುಂದಿನ ಆಟ ಎಷ್ಟು ಹೊತ್ತಿಗೆ?"

"ಎರಡಕ್ಕೆ, ಮೇಡಂ."

"ಈಗ ನಂಗೇನೂ ಕಾಣಿಸ್ಲಿಲ್ಲ. ನಾನು ಇಲ್ಲೇ ಇರ್ತೀನಿ."

"ಎರಡಕ್ಕೂ ದೀಪ ಹೀಗೇ ಹತ್ತುತ್ತೆ ಮೇಡಂ. ಆ ಪೆಟ್ಟಿಗೆ..."

"ನಾನು ಕೇಳಿದ್ದು ಹೊತ್ತೆಷ್ಟು ಅಂತ."

ವೆಂಡೆಲ್ ಹೊರಟುಹೋದ. ಚಳಿಗಾಲ ಕಳೆಯಲು ಫ್ಲೋರಿಡಾಕ್ಕೆ ಹೋಗಿರುವ ಶ್ರೀಮತಿ ಹೋಯ್ಟ್‌ಗೆ ಫೋನು ಮಾಡಲು ಹೋದ ಎಂದುಕೊಂಡಳು ಲೋರ್ನಾ. ಪೆಗ್ ಬಂದು ಅವಳ ಪಕ್ಕ ಕೂತಳು.

ಅವನು ಮೂರು ಮೆಟ್ಟಿಲಿನ ಸ್ಟೂಲು ಹಿಡಿದು ವಾಪಸು ಬಂದ. ಪರದೆಯ ಎಡಬದಿಯ ದೀಪದ ಕೆಳಗೆ ಅದನ್ನು ಊರಿ ಹತ್ತಿದ. ಜೇಬಿನಿಂದ ಊಟದ ಕಾಗದದ ಕರವಸ್ತ್ರ ತೆಗೆದು ಬೆರಳಿಗೆ ಸುತ್ತಿಕೊಂಡ.

"ಏನೋ ಮಾಡ್ತಿದೀಯ?" ಎಂದಳು ಪೆಗ್.

"ಬಲ್ಬು ನೋಡ್ತಿದೀನಿ. ಬಲ್ಬಿಗೆ ಯಾರ ಸಹೀನೂ ಬೇಡ."

ಅವನು ತಿರುಗಿಸಿದ. ಸುಟ್ಟು, "ಶ್ಶ್" ಎಂದು ಬೆರಳು ಕೊಡವಿ, ಮತ್ತೆ ತಿರುಗಿಸಿದ. ಆ ಮೂಲೆ ಕತ್ತಲಾಯಿತು. ಬಿಸಿ ಬಲ್ಬನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಸ್ಟೂಲು ಎತ್ತಿಕೊಂಡು ಮುಂದಿನ ದೀಪಕ್ಕೆ ನಡೆದ. ಎರಡು. ಮೂರು. ಗೋಡೆ ಗೋಡೆಯಾಗಿ ಕತ್ತಲು ಪರದೆಯಿಂದ ಹಿಂದಿನ ಸಾಲುಗಳತ್ತ ಹಬ್ಬುತ್ತ ಬಂತು. ಬಾಗಿಲ ಬಳಿ ಕೋಟು ಹಾಕಿಕೊಂಡು ನಿಂತಿದ್ದವರು ಒಬ್ಬೊಬ್ಬರಾಗಿ, ಕೋಟಿನಲ್ಲೇ, ತಡವಿಕೊಂಡು ಬಂದು ಕೂತರು. ನಡೆದಾಗಲೆಲ್ಲ ವೆಂಡೆಲನ ಜೇಬಿನಲ್ಲಿ ಬಲ್ಬುಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಟಿಣ್ ಎನ್ನುತ್ತಿದ್ದವು. ಅವನು ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದುಕೊಂಡು ಕೊನೆಯ ದೀಪದ ಕಡೆಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋದ.