ಗೆದ್ದಲಗೂಡಿನ ಹೊಗೆ

ಮಳೆ ಹಿಂದೆ ಸರಿದು ಸೊಳ್ಳೆ ಮುಂದೆ ಬಂದ ತಿಂಗಳು. ಕಡಲಿನ ಇಳಿತಕ್ಕೆ ನೀರು ಸರಿದಂತೆಲ್ಲ ಕಾಂಡ್ಲಾ ಕಾಡಿನ ಬೇರುಗಳ ನಡುವೆ ಹೆಂಗಸರು ಬಗ್ಗಿದರು. ಓರ್ಫಿಲಿಯಾ ತೋಳು ಮುಳುಗುವಷ್ಟು ಕೆಸರಿಗೆ ಕೈಯಿಳಿಸಿ ಕಪ್ಪುಚಿಪ್ಪು ತಡಕುತ್ತಿದ್ದಳು. ಸಣ್ಣದು ಸಿಕ್ಕಿದರೆ ಮತ್ತೆ ಕೆಸರಿಗೇ. ಬೇರಿಗೆ ಸಿಕ್ಕಿಸಿದ್ದ ತೆಂಗಿನ ಸಿಪ್ಪೆ ಹೊಗೆಯಾಡುತ್ತಿತ್ತು. ಹೊಗೆಯಿಲ್ಲದಿದ್ದರೆ ಸೊಳ್ಳೆ ಕಣ್ಣು ತೆರೆಯಲೂ ಬಿಡದು.

ಗಾಳಿ ತಿರುಗಿ ಇನ್ನೊಂದು ಹೊಗೆ ತಂದಿತು. ಕಹಿ ವಾಸನೆ. ಗೆದ್ದಲಗೂಡಿನದು. ತೆಂಗಿನ ಹೊಗೆಗೆ ಕೆಮ್ಮು ಬರುತ್ತದೆಂದು ಗೆದ್ದಲಗೂಡು ಸುಡುವವಳು ಊರಿಗೆಲ್ಲ ನೆಲ್ಫಾ ಒಬ್ಬಳೇ. ಆದರೆ ಹೊಗೆ ಬಂದದ್ದು ಕಾಡಿನ ಮುಚ್ಚಿದ ಪಾಲಿನ ಕಡೆಯಿಂದ. ಚಿಪ್ಪಿನ ಮರಿಗಳು ಬೆಳೆಯಲೆಂದು ಹೆಂಗಸರ ಸಂಘವೇ ಈ ವರ್ಷ ಯಾರೂ ಕಾಲಿಡಬಾರದೆಂದು ಬಿಟ್ಟಿದ್ದ ಜಾಗ ಅದು.

ಓರ್ಫಿಲಿಯಾ ಬೇರಿನಿಂದ ಬೇರಿಗೆ ದಾಟುತ್ತ ಹೋದಳು. ಯಾರೂ ಇರಲಿಲ್ಲ. ಅರೆ ಸುಟ್ಟ ಗೂಡಿನ ಹೆಂಟೆ, ಗಂಡಸರ ಬೂಟಿನ ಗುರುತು, ಮುಂದಿನ ಮರಗಳಿಗೆ ಎರಡು ಮೂರು ಕೆಂಪು ಪಟ್ಟಿ. ಕಡಿಯುವ ಮುನ್ನ ಸೀಗಡಿ ಕಂಪನಿಯವರು ಹೀಗೇ ಕಟ್ಟುತ್ತಾರೆ. ಕಾಲುವೆಯಾಚೆ ಅವಳ ಅಜ್ಜಿ ಚಿಪ್ಪು ಹೆಕ್ಕುತ್ತಿದ್ದ ಕಡೆ ಈಗ ಸೀಗಡಿ ಕೆರೆ.

ಭಾನುವಾರ ಊರಿನ ಸಭೆ. "ಅಲ್ಲಿ ಯಾರೂ ಹೆಕ್ಕುತ್ತಿಲ್ಲ, ಖಾಲಿ ಬಿದ್ದ ಜಾಗ" ಎಂದು ಅಧ್ಯಕ್ಷ ಅಬೆಲಾರ್ದೊ ಈಗಾಗಲೇ ಹೇಳಿಕೊಂಡು ತಿರುಗುತ್ತಿದ್ದ. ಕಂಪನಿಗೆ ಕೊಡಲು ಸಭೆಯಲ್ಲಿ ಕೈಯೆತ್ತಿಸಿಬಿಟ್ಟರೆ ಕಾಡು ಹೋದಂತೆಯೇ. ಹೊಗೆಯನ್ನು ಹಿಡಿದು ಸಭೆಗೆ ಒಯ್ಯಲಾದೀತೇ?

ದಡದಲ್ಲಿ ಹೆಂಗಸರು ಚಿಪ್ಪು ತೊಳೆಯುತ್ತಿದ್ದರು. ನೆಲ್ಫಾಳೂ ಇದ್ದಳು. ಓರ್ಫಿಲಿಯಾಳ ಮಗಳ ತಲೆಗೆ ಪಾದ್ರಿ ನೀರು ಹಾಕುವಾಗ ಮಗುವನ್ನು ಎತ್ತಿಕೊಂಡವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಂದೇ ಮಗುವಿಗೆ ಇಬ್ಬರು ತಾಯಂದಿರು.

"ಬೆಳಿಗ್ಗೆ ಕಾಣ್ಲೇ ಇಲ್ವಲ್ಲ, ಕೊಮಾದ್ರೆ?" ಎಂದಳು ಓರ್ಫಿಲಿಯಾ.

"ಹಲ್ಲುನೋವು ಮಾರಾಯ್ತಿ. ಮನೇಲೇ ಬಿದ್ಕೊಂಡಿದ್ದೆ."

"ಹಲ್ಲುನೋವಿಗೆ ಮೊಣಕಾಲಿಗೆ ಕೆಸರು ಹಚ್ಚೋ ಮದ್ದು ಯಾರು ಹೇಳಿದ್ರು?"

ಹೆಂಗಸರು ನಕ್ಕರು. ನೆಲ್ಫಾ ಕೂಡ ನಕ್ಕಳು. "ನಿನ್ನ ಕಣ್ಣಿಗೆ ಏಡಿ ಅಡ್ಡ ನಡೆದ್ರೂ ಕಳ್ಳನೇ."

"ನಿನ್ನ ಗಂಡಂಗೆ ಕಂಪನೀಲಿ ಕಾವಲು ಕೆಲಸ ಅಂತೆ?"

"ಊರಿನವರ ಬಾಯಿಗೆ ಬೀಗ ಇದ್ಯಾ?"

"ಇರ್ಲಿ. ನೀನು ನಂಗೆ ಒಂದಾಳು ಕೊಡ್ಬೇಕಲ್ಲ, ನಾಳೆ ಬಾ."

ಅಲ್ಲಿ ಮುಯ್ಯಾಳಿನ ಪದ್ಧತಿ. ಒಬ್ಬಳು ಒಂದು ದಿನ ದುಡಿದರೆ ಇನ್ನೊಬ್ಬಳು ತಿರುಗಿ ದುಡಿಯಬೇಕು. ಮುಯ್ಯಿ ತೀರಿದ ಸಂಜೆಯೇ, ದುಡಿಸಿಕೊಂಡವಳು "ಮುಂದಿನ ಇಳಿತಕ್ಕೆ ನಾನು ಬರ್ತೀನಿ" ಎನ್ನಬೇಕು. ಪೂರ್ತಿ ತೀರಿದರೆ ನಂಟೂ ತೀರಿತು.

ಮರುದಿನ ಓರ್ಫಿಲಿಯಾ ದೋಣಿಯನ್ನು ಮುಚ್ಚಿದ ಪಾಲಿಗೇ ತಿರುಗಿಸಿದಳು.

"ಇಲ್ಲೇನು ಕೆಲಸ?" ನೆಲ್ಫಾಳ ದನಿ ತೆಳುವಾಯಿತು.

"ಯಾರೋ ಕೆಂಪು ಪಟ್ಟಿ ಕಟ್ಟಿದಾರೆ. ಎಲ್ಲೆಲ್ಲಿ ಅಂತ ನಂಗೂ ಗೊತ್ತಿಲ್ಲ. ಹುಡುಕಿ ಬಿಚ್ಚೋಣ."

"ಅಯ್ಯೋ, ಯಾವ ಪಾಪಿಗಳೋ!" ಎಂದು ನೆಲ್ಫಾ ಕೆಸರಿಗಿಳಿದಳು.

ಓರ್ಫಿಲಿಯಾ ಬೇಕೆಂದೇ ನಿಧಾನಿಸಿ ನೋಡುತ್ತ ನಿಂತಳು. ನೆಲ್ಫಾ ಹುಡುಕಲಿಲ್ಲ. ದಪ್ಪ ಬೇರಿನ ಹಿಂದಕ್ಕೆ ಕೈಹಾಕಿದಳು, ಪಟ್ಟಿ ಬಂತು. ತೊರೆ ದಾಟಿ ಎಲೆ ಸರಿಸಿದಳು, ಅಲ್ಲೂ ಇತ್ತು. ಕತ್ತಲಲ್ಲಿ ತನ್ನ ಮನೆಯ ನೀರಿನ ಚೊಂಬಿಗೆ ಕೈಹಾಕುವವಳ ಹಾಗೆ ಒಂದರಿಂದ ಒಂದಕ್ಕೆ ನೆಟ್ಟಗೆ ಹೋದಳು. ಬೇಗ ಮುಗಿಸಿ ಹೊರಡುವ ಆತುರ ಅವಳಿಗೆ. ಬುಟ್ಟಿ ಕೆಂಪಾಯಿತು.

ಹಿಂದಿನಿಂದ ಸದ್ದೇ ಇಲ್ಲವೆಂದು ತಿರುಗಿದ ನೆಲ್ಫಾಳಿಗೆ ಓರ್ಫಿಲಿಯಾಳ ಕೈ ಖಾಲಿಯಿರುವುದು ಕಂಡಿತು.

"ನಾನಲ್ದಿದ್ರೆ ಇನ್ಯಾರೋ ದಾರಿ ತೋರಿಸ್ತಿದ್ರು, ಕೊಮಾದ್ರೆ."

"ಭಾನುವಾರ ಸಭೇಲಿ ಎದ್ದು ನಿಂತು ಇದು ಖಾಲಿ ಜಾಗ ಅಲ್ಲ ಅಂತ ಹೇಳ್ತೀಯಾ?"

ನೆಲ್ಫಾ ಉಗುರಿನ ಕೆಸರು ಕೆರೆಯುತ್ತ ನಿಂತಳು. "ನನ್ನ ಗಂಡನ ಕೆಲಸ ಹೋಗುತ್ತೆ."

ಇಬ್ಬರೂ ಹುಟ್ಟುಹಾಕಿ ವಾಪಸು ಬಂದರು. ದಡ ಮುಟ್ಟಿದ ಮೇಲೂ ನೆಲ್ಫಾ ಇಳಿಯದೆ ಕಾದಳು. ಓರ್ಫಿಲಿಯಾ ಹಗ್ಗ ಬಿಗಿದು, ಕೆಂಪು ಪಟ್ಟಿಯ ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು.

"ಮುಂದಿನ ಇಳಿತಕ್ಕೆ..." ನೆಲ್ಫಾಳೇ ಶುರುಮಾಡಿದಳು.

"ನಿನ್ನ ಆಳು ತೀರಿತು, ನೆಲ್ಫಾ" ಎಂದಳು ಓರ್ಫಿಲಿಯಾ. ಕೊಮಾದ್ರೆ ಎನ್ನಲಿಲ್ಲ.