ಮಾರಿಹೋದ ಅಂಗಡಿ

ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ, ಆಸ್ಪತ್ರೆಗೆಂದು ಮಾಡಿದ ಸಾಲ ತೀರಿಸಲು ಅವಳು ಅಂಗಡಿಯನ್ನೇ ಮಾರಿದಳು. ಮಗಳ ಮುಂದೆ ಮಾತ್ರ ಆ ಸುದ್ದಿ ಎತ್ತಲಿಲ್ಲ. ಅಪ್ಪನನ್ನು ಕಳೆದುಕೊಂಡ ಕೂಸಿಗೆ ದುಡ್ಡಿನ ಮಾತು ಬೇರೆ ಹೇಳಿದರೆ ಗಾಯದ ಮೇಲೆ ಬರೆ ಎಳೆದಂತೆ ಎಂದುಕೊಂಡಳು.

ಒಂದು ಸಂಜೆ ಮಗಳು ಶಾಲೆಯಿಂದ ತಡವಾಗಿ, ಮುಖ ಬಾಡಿಸಿಕೊಂಡು ಬಂದಳು.

"ಅಮ್ಮಾ, ಅಪ್ಪನ ಅಂಗಡೀಲಿ ಯಾರೋ ಚಪ್ಪಲಿ ಮಾರ್ತಿದ್ದಾರೆ. ಇದು ನಮ್ಮಂಗಡಿ ಅಂದೆ, ನಕ್ಕುಬಿಟ್ರು."

ತಾಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. "ನೊಂದ್ಕೋತೀಯ ಅಂತ ಹೇಳ್ಲಿಲ್ಲ ಪುಟ್ಟಿ."

"ಮಾರ್ಬೇಡ ಅಂತಿರ್ಲಿಲ್ಲಮ್ಮ. ಅಪ್ಪನ ಕುರ್ಚೀಲಿ ಒಂದ್ಸಲ ಕೂತು ಬರ್ತಿದ್ದೆ, ಅಷ್ಟೇ. ಆ ಕುರ್ಚಿ ಎಲ್ಲಿದೆ?"

ಅದನ್ನೂ ಅಂಗಡಿಯ ಜೊತೆಗೇ ಕೊಟ್ಟಾಗಿತ್ತು. ಇನ್ನು ಏನನ್ನೂ ಮುಚ್ಚಿಡಬಾರದೆಂದು ತಾಯಿ ಅದನ್ನೂ ಹೇಳಿದಳು.