ಹನ್ನೆರಡು ಗೇಣು, ಹದಿಮೂರು ಗೇಣು

ಯೆಮನ್ನಿನ ಆ ಬೆಟ್ಟದಲ್ಲಿ ಮೇಲೂರು, ಕೆಳಗಿನೂರುಗಳ ಎರಡು ಚಿಲುಮೆಗಳಿಗೆ ಒಂದೇ ತೊಟ್ಟಿ. ನೀರಿನ ಪಾಲಿನ ಜಗಳದಲ್ಲಿ ಯಾರೋ ಗ್ರೆನೇಡ್ ಎಸೆದು ತೊಟ್ಟಿ, ಕಾಲುವೆ ಎರಡನ್ನೂ ಪುಡಿ ಮಾಡಿದರು. ಅದೇ ಹೊತ್ತಿನಲ್ಲಿ ಮೇಲೂರಿನ ಜಬ್ರಾನ್ ಕೆಳಗಿನೂರಿನ ಮುಸ್‌ಇದ್‌ನ ಎದೆಗೆ ಗುಂಡಿಟ್ಟ. ನಮ್ಮ ಚಿಲುಮೆಯದೇ ಹೆಚ್ಚು ನೀರು, ಅವರು ಕದಿಯುತ್ತಿದ್ದರು ಎಂದು ವಾದಿಸಿದ.

ಈಗ ಅಳೆಯುವಂತಿರಲಿಲ್ಲ. ಉಳಿದದ್ದು ಹುಮೈದ್ ಮೇಷ್ಟ್ರ ನೋಟ್‌ಬುಕ್ಕಿನ ಎರಡು ಸಾಲು. ಹಿಂದೆ ಪಾಠಕ್ಕೆಂದು ಅವನು ಮಕ್ಕಳಿಂದ ಅಳೆಸಿದ್ದ. ಮೊದಲ ದಿನ ಮೇಲಿನ ಚಿಲುಮೆ ಮೂರು ಗಂಟೆ, ಕೆಳಗಿನದು ಎರಡು ಗಂಟೆ ಹರಿದು ತೊಟ್ಟಿಯಲ್ಲಿ ಹನ್ನೆರಡು ಗೇಣು ಏರಿತ್ತು. ಮರುದಿನ ಮೇಲಿನದು ಎರಡು, ಕೆಳಗಿನದು ಮೂರು ಗಂಟೆ, ಹದಿಮೂರು ಗೇಣು.

ಪಂಚಾಯಿತಿಗೆ ನೆರೆಬೆಟ್ಟದ ಶೇಖ್ ನಾಜಿ ಬರುವ ಮೊದಲೇ ಜಬ್ರಾನ್ ಶಾಲೆಗೆ ನುಗ್ಗಿದ. ಹುಮೈದ್ ಅವನ ದೊಡ್ಡಪ್ಪನ ಮಗ.

"ಅಣ್ಣಾ, ಹನ್ನೆರಡು, ಹದಿಮೂರು ಅದಲುಬದಲು ಮಾಡು. ಅಷ್ಟೇ ಕೇಳ್ತಿರೋದು."

"ಮಾಡಿದ್ರೆ ಸತ್ತೋನು ಕಳ್ಳ ಆಗ್ತಾನೆ ಕಣೋ. ಆಗಲ್ಲ."

ಜಬ್ರಾನ್ ಜೊತೆ ಬಂದಿದ್ದ ಇಬ್ಬರು ಹುಮೈದನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದರು. ಜಬ್ರಾನ್ ಬಂದೂಕಿನ ಹಿಡಿಯಿಂದ ಮೂರು ಸಲ ಜಜ್ಜಿದ. ಬೆರಳುಗಳು ಚಟಚಟನೆ ಮುರಿದವು. ಹುಮೈದ್ ನೆಲಕ್ಕೆ ಬಿದ್ದು ವಾಂತಿ ಮಾಡಿಕೊಂಡ.

ಶೇಖ್ ಬಂದಾಗ ಅವನು ರಕ್ತ ತೊಟ್ಟಿಕ್ಕುವ ಕೈಯನ್ನು ರುಮಾಲಿನಲ್ಲಿ ಸುತ್ತಿ, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದ. ಎರಡು ಸಾಲು ಕೂಡಿಸಿದ. ಎರಡೂ ಚಿಲುಮೆ ಐದೈದು ಗಂಟೆಗೆ ಇಪ್ಪತ್ತೈದು ಗೇಣು. ಅಂದರೆ ಜೊತೆಯಾಗಿ ಗಂಟೆಗೆ ಐದು, ಎರಡು ಗಂಟೆಗೆ ಹತ್ತು. ಮೊದಲ ದಿನದ ಹನ್ನೆರಡರಲ್ಲಿ ಹತ್ತು ಕಳೆದ. ಉಳಿದ ಎರಡು ಗೇಣು ಮೇಲಿನ ಚಿಲುಮೆಯ ಒಂದು ಗಂಟೆಯ ನೀರು. ಕೆಳಗಿನದು ಮೂರು.

ಇನ್ನೊಂದು ದಾರಿಯಲ್ಲಿ ಮಾಡಿ ತೋರಿಸು ಎಂದ ಶೇಖ್. ಹುಮೈದ್ ಎರಡನೆಯ ಸಾಲಿನಿಂದ ಮೊದಲನೆಯದನ್ನು ಕಳೆದ. ಕೆಳಗಿನದು ಗಂಟೆಗೆ ಒಂದು ಗೇಣು ಹೆಚ್ಚು ಎಂದು ಬಂತು. ಅದನ್ನು ಮೊದಲ ಸಾಲಿಗೆ ಹಾಕಿದ: ಮೇಲಿನದರ ಐದು ಗಂಟೆಯ ನೀರು, ಜೊತೆಗೆ ಎರಡು ಗೇಣು, ಒಟ್ಟು ಹನ್ನೆರಡು. ಮತ್ತೆ ಎರಡು, ಮೂರು.

"ಕದ್ದಿದ್ದು ಯಾರು ಅಂತ ಇದು ಹೇಳಲ್ಲ ಶೇಖರೇ. ಹೆಚ್ಚು ಕೊಟ್ಟಿದ್ದು ಯಾರು ಅಂತ ಹೇಳುತ್ತೆ."

ಜಬ್ರಾನ್ ಗುಂಡು ಹಾರಿಸಿದ. ಅದು ಹುಮೈದನ ಕಿವಿ ಹರಿದು ಹಲಗೆ ಸೀಳಿತು. ಎರಡನೆಯದು ಹಾರುವಷ್ಟರಲ್ಲಿ ಶೇಖನ ಕಡೆಯವರು ಅವನನ್ನು ಕೆಡವಿ, ಮುಖ ಗುರುತು ಸಿಗದ ಹಾಗೆ ಬಡಿದು, ಕೈಕಟ್ಟಿ ಕರೆದೊಯ್ದರು.

ಕೊಲೆಗೆ ನ್ಯಾಯವಾದ ಕಾರಣವಿರಲಿಲ್ಲ ಎಂದು ತೀರ್ಪಾಯಿತು. ಅಂದೇ ಸಂಜೆ ಮೇಲೂರಿನವರು ಹುಮೈದನ ಮನೆಗೆ ಬೆಂಕಿ ಇಟ್ಟರು. ಹೆಂಡತಿ ತಖಿಯ್ಯಾ ಹಿಟ್ಟಿನ ಚೀಲ ಹೊತ್ತು, ಅವನ ತೋಳು ಹಿಡಿದು ಶೇಖನ ಊರಿನ ದಾರಿ ಹಿಡಿದಳು. ಹಿಂದಿನಿಂದ ಕಲ್ಲು ಬೀಳುತ್ತಿದ್ದವು. ಎಸೆಯುವವರಲ್ಲಿ ಅವನ ಸ್ವಂತ ತಮ್ಮನಿದ್ದ.